ಎರಡು ಸಾಲು

ಹದಿನೆಂಟು ವರ್ಷ ನಾನು ಬಿಲ್ಲು ಬರೆದದ್ದು
ಮಂಡ್ಯದ ಪೇಟೆ ಬೀದಿಯ ಒಂದು ಔಷಧಿ ಅಂಗಡಿಯಲ್ಲಿ.
ಔಷಧಿ ಅಂದರೆ ನೆಗಡಿಗಲ್ಲ, ಕೆಮ್ಮಿಗಲ್ಲ;
ಬದನೆಯ ಕಾಯಿಕೊರಕನಿಗೆ, ಹೂಕೋಸಿನ ಹೇನಿಗೆ.
ನಮ್ಮ ಮಾತು ಎಷ್ಟು ಮರ್ಯಾದಸ್ಥ ನೋಡಿ,
ಕೊಲ್ಲುವುದಕ್ಕೂ ಔಷಧಿ ಅನ್ನುತ್ತದೆ.

ಡಬ್ಬದ ಮೇಲೊಂದು ತ್ರಿಕೋನ ಇರುತ್ತಿತ್ತು.
ಕೆಂಪಾದರೆ ಟೊಮೆಟೊ ಕೆಂಪು,
ಹಳದಿಯಾದರೆ ಮಾಗಿದ ಬಾಳೆಯ ಹಳದಿ,
ಆಮೇಲೆ ನೀಲಿ, ಆಮೇಲೆ ಹಸಿರು.
ಹೊಸದಾಗಿ ಸೇರಿದಾಗ ಯಜಮಾನರನ್ನು ಕೇಳಿದ್ದೆ,
‘ಹಸಿರಾದರೆ ಪರವಾಗಿಲ್ಲವೇ ಸಾರ್?’
‘ಕುಡಿಯಬೇಡ, ಅಷ್ಟೇ’ ಅಂದಿದ್ದರು,
ಕ್ಯಾಲ್ಕುಲೇಟರಿನಿಂದ ತಲೆ ಎತ್ತದೆ.

ಕೊತ್ತತ್ತಿ ಕಡೆಯಿಂದ ಜವರಪ್ಪ ಬರುತ್ತಿದ್ದರು,
ಸೈಕಲ್ಲಿನ ಹ್ಯಾಂಡಲಿಗೆ ಖಾಲಿ ಕ್ಯಾನು, ಕಿವಿಯ ಸಂದಿಯಲ್ಲಿ ಬೀಡಿ.
ಒಮ್ಮೆ ಒಂದು ಸಣ್ಣ ಬಾಟಲಿ ಕಡಿಮೆ ಕೇಳಿದರು.
‘ಯಾಕೆ ಗೌಡ್ರೇ, ಅದೇ ಎಕರೆ ಅಲ್ವಾ?’
‘ಅದೇಯಾ. ಮನೆಗೆ ಅಂತ ಎರಡು ಸಾಲು ಬುಟ್ಟಿವ್ನಿ.
ಅದ್ಕೆ ವಡಿಯಾಕಿಲ್ಲ. ಮಕ್ಳು ತಿಂತವಲ್ಲ.’

ಮೋಸದ ಮಾತಲ್ಲ ಅದು, ಬಚ್ಚಿಟ್ಟ ದನಿಯೂ ಅಲ್ಲ.
ಮಳೆ ಬಂತು ಅನ್ನುವ ಹಾಗೆ ಅಂದರು,
ಚಿಲ್ಲರೆ ಎಣಿಸಿಕೊಂಡು ಹೋದರು.
ನಾನೂ ರಸೀದಿ ಹರಿದು ಕೊಟ್ಟೆ.
ಸಂಜೆ ಬಸ್‌ಸ್ಟ್ಯಾಂಡಿನ ಹತ್ತಿರ ಕೊಂಡ ಬದನೆ
ಫಳಫಳ ಹೊಳೆಯಿತು, ಒಂದು ತೂತಿಲ್ಲ.
ಇದು ಆ ಎರಡು ಸಾಲಿನದಲ್ಲ ಎಂದು
ಕೈಚೀಲಕ್ಕೆ ಹಾಕಿಕೊಂಡ ಮೇಲೆ ನನಗೆ ಹೊಳೆಯಿತು.

ಈಗ ಮೈಸೂರು. ಮನೆ ನಂಜುಮಳಿಗೆಯ ಹಿಂದಿನ ಕ್ರಾಸು.
ಹೆಸರು ಕೇಳಿ ನಗಬೇಡಿ,
ಯಾರೋ ನಂಜಪ್ಪನ ಮಳಿಗೆ ಇದ್ದಿರಬೇಕು.
ನನಗೆ ಮಾತ್ರ ವಿಳಾಸ ಬರೆಯುವಾಗಲೆಲ್ಲ
ಹಳೆಯ ನೌಕರಿಯ ಪಿಂಚಣಿ ಬಂದ ಹಾಗೆ.

ಭಾನುವಾರ ಬೆಳಿಗ್ಗೆ ಏಳಕ್ಕೆ, ಪಾರ್ಕಿನ ಗೇಟಿನ ಪಕ್ಕ
ಮರಿದೇವಮ್ಮ ಗೋಣಿತಾಟು ಹಾಸುತ್ತಾಳೆ.
ಹುಲ್ಲಹಳ್ಳಿ ಬಸ್ಸಲ್ಲಿ ತಂದ ಎರಡು ಮಂಕರಿ:
ಕೀರೆ, ದಂಟು, ಕಿಲಕೀರೆ, ಸೊಟ್ಟ ಮೂತಿಯ ಸೌತೆ,
ಚುಕ್ಕೆ ಬಿದ್ದ ರಸಬಾಳೆ ಒಂದೇ ಒಂದು ಚಿಪ್ಪು,
ತೊಟ್ಟಿನ ಮುಳ್ಳು ಇನ್ನೂ ಚುಚ್ಚುವ ಈರನಗೆರೆ ಬದನೆ.
ಬದನೆಯಲ್ಲಿ ತೂತು. ಸಾಸಿವೆಯಷ್ಟು, ನೀಟಾಗಿ.

‘ಹುಳ ಐತೆ, ನೋಡ್ಕಂಡು ತಕ್ಕಳಿ’ ಅನ್ನುತ್ತಾಳೆ ತಾನೇ.
ಟ್ರ್ಯಾಕ್‌ಸೂಟಿನಾತ ಕೈ ಹಿಂದೆಗೆದು ಹೋಗುತ್ತಾನೆ.
ನಾನು ತೂತಿರುವುದನ್ನೇ ಆರಿಸುತ್ತೇನೆ.
ಹಿಂದೆ ಅರಸರ ಎಲೆಗೆ ಬಡಿಸುವ ಮುಂಚೆ
ಒಬ್ಬ ಉಂಡು ನೋಡುತ್ತಿದ್ದನಂತೆ, ನಿಜವೋ ಸುಳ್ಳೋ.
ಅವನು ಎದ್ದು ಕೈ ತೊಳೆದರೆ ಅರಸರಿಗೆ ಊಟ.
ಬೆಳ್ಳಿತಟ್ಟೆಯ ಯೋಗ ನನಗಿಲ್ಲ, ಇವನೇ ಸಾಕು:
ತೂತಿನೊಳಗೆ ತಿಂದು, ಬದುಕಿ,
ದಪ್ಪಗಾಗಿ ಮಲಗಿರುವ ತಿಳಿಗುಲಾಬಿ ಭಂಟ.

ಇಂದುಮತಿ ಒಪ್ಪುವುದಿಲ್ಲ.
‘ದುಡ್ಡು ಒಂದೂವರೆ ಪಾಲು, ಕಾಯಿ ಅರ್ಧ ಹುಳದ ಪಾಲು.
ಹದಿನೆಂಟು ವರ್ಷದ ಪ್ರಾಯಶ್ಚಿತ್ತ ಅಂದರೆ
ನನ್ನ ಅಡುಗೆಮನೆಯಲ್ಲೇ ಆಗಬೇಕೇ?’
ಬೈಯುತ್ತಲೇ ಹೆಚ್ಚಿ, ಹುಳುಕನ್ನು ಕರಿಬೇವಿನ ಬುಡಕ್ಕೆ ಎಸೆದು,
ಮಿಕ್ಕದ್ದನ್ನು ಎಣ್ಣೆಗಾಯಿ ಮಾಡುತ್ತಾಳೆ.
ಎರಡನೇ ಸಲ ಬಡಿಸಿಕೊಳ್ಳುವವಳೂ ಅವಳೇ.

ನಂಜುಂಡ ನಂಜನಗೂಡಿನಲ್ಲಿದ್ದಾನೆ, ಇಲ್ಲಿಂದ ಮುಕ್ಕಾಲು ಗಂಟೆ.
ಅವನ ಗಂಟಲೇ ಬೇರೆ, ನಂಜು ಅಲ್ಲೇ ನಿಂತಿತು.
ನಮ್ಮದರಲ್ಲಿ ಇಳಿಯುತ್ತದೆ.
ಜವರಪ್ಪ ಪಂಪು ತೊಳೆದ ನಾಲೆಗಂತೂ
ಗಂಟಲೇ ಇರಲಿಲ್ಲ.
ಮರಿಮೀನು ಹೊಟ್ಟೆ ಮೇಲು ಮಾಡಿ ತೇಲಿದ್ದನ್ನು
ಅವರೇ ಹೇಳಿದ್ದರು,
ಅದನ್ನೂ ಮಳೆ ಬಂತು ಅನ್ನುವ ಹಾಗೆ.

ಮೊನ್ನೆ ಮರಿದೇವಮ್ಮನನ್ನು ಕೇಳಿದೆ:
‘ನಿಮ್ಮ ಮನೆಗೆ ಅಂತ ಎಷ್ಟು ಸಾಲು ಬಿಡ್ತೀರಿ?’
ಅವಳಿಗೆ ಅರ್ಥವಾಗಲಿಲ್ಲ. ತಕ್ಕಡಿ ಹಿಡಿದೇ ನೋಡಿದಳು.
‘ಬ್ಯಾರೆ ಯಾಕ್ ಬುಡ್ಲಿ ಅಣ್ಣ?
ಇಲ್ಲಿ ಮಿಕ್ಕಿದ್ದೇ ನಮ್ ಸಾರ್ಗೆ.’

ತೂಕದ ಮೇಲೆ ಇನ್ನೊಂದು ಬದನೆ ಹಾಕಿದಳು, ಕೊಸರು.
ತೂತಿತ್ತು.