ಒಂದನೇ ಜನವರಿ, ಎರಡು ಸಾವಿರದ ಒಂಬತ್ತು

ಅಂಗಡಿ ಬಾಗಿಲು ಎತ್ತುವಾಗಲೇ ನಿಂತಿದ್ದರು ಆವುಲಪ್ಪನವರು,
ಶಿಡ್ಲಘಟ್ಟದ ಸಬ್ ರಿಜಿಸ್ಟ್ರಾರ್ ಕಚೇರಿ ಎದುರು
ಹೊಂಗೆ ಮರದಡಿ ಪತ್ರ ಬರೆಯುವವರು.
ಕಂಕುಳಲ್ಲಿ ಲ್ಯಾಪ್‌ಟಾಪು,
ಸಂತೆಗೆ ಕೋಳಿ ತಂದ ಹಾಗೆ.

"ತಸ್ನೀಮಮ್ಮ, ಇದಕ್ಕೆ ಎರಡು ಕಾಯಿಲೆ.
ಪಿನ್ನಿನ ಕೆಳಗೆ ಬೆಂಕಿಪೊಟ್ಟಣ ಇಟ್ಟರೆ ಮಾತ್ರ ಚಾರ್ಜು ಉಣ್ತದೆ.
ಪೊಟ್ಟಣ ತುಂಬಿರಬೇಕು,
ಖಾಲಿಯಾದರೆ ಅಮುಕಿಕೊಂಡು ಬಿಡ್ತದೆ.
ಇನ್ನೊಂದು, ದಿನಾ ಬೆಳಗ್ಗೆ ಕಪ್ಪು ಪರದೆ, ಬಿಳಿ ಅಕ್ಷರ,
ತಾರೀಖು ತಪ್ಪಿದೆ ಅಂತದೆ.
ಹೆಂಗೋ ಎಬ್ಬಿಸಿದರೆ ಒಂದನೇ ಜನವರಿ
ಎರಡು ಸಾವಿರದ ಒಂಬತ್ತಕ್ಕೇ ಏಳ್ತದೆ.
ಮೊನ್ನೆ ಒಂದು ಕರಡಿಗೆ ಅದೇ ತಾರೀಖು ಬಿದ್ದು
ಕೊಳ್ಳೋನು ಆ ರೇಟೂ ಹಾಕಿ ಅಂದ,
ಮಾರೋನು ನನ್ನ ಕಾಲರ್ ಹಿಡಿದ."

ತಿರುಪುಗಳನ್ನು ಬಿಚ್ಚಿ ಬಾಟಲಿ ಮುಚ್ಚಳಕ್ಕೆ ಹಾಕಿದೆ.
ಒಂದು ಕಡಿಮೆ. ನನಗಿಂತ ಮುಂಚೆ ಯಾರೋ ಕೈಯಾಡಿಸಿದ್ದಾರೆ.
ಕೇಳಲಿಲ್ಲ.
ಬ್ಯಾಟರಿ ತೆಗೆದು, ಒಳಗೆ ನಿಂತ ಕರೆಂಟು ಹೋಗಲಿ ಎಂದು
ಮೂವತ್ತು ಎಣಿಸುವ ತನಕ ಪವರ್ ಗುಂಡಿ ಒತ್ತಿ ಹಿಡಿದೆ.
ಅವರೂ ಜೊತೆಗೆ ಎಣಿಸಿದರು, ತೆಲುಗಿನಲ್ಲಿ.

ಆಮೇಲೆ ಚಾರ್ಜರಿನ ತಂತಿ,
ಕಣ್ಣು ಮುಚ್ಚಿ ಬೆರಳ ನಡುವೆ ಎಳೆಯುತ್ತ ಹೋದೆ.
ಹದಿನಾಲ್ಕು ವರ್ಷ ರೀಲರ್ ಮನೆಯಲ್ಲಿ
ಕುದಿವ ನೀರಿಗೆ ಕೈ ಹಾಕಿ
ಗೂಡಿನ ತುದಿ ಹುಡುಕಿದವಳು ನಾನು.
ಕಣ್ಣಿಗೆ ಸಿಕ್ಕುವುದಲ್ಲ ಅದು,
ತಾನಾಗಿ ಬಂದು ಬೆರಳಿಗೆ ಅಂಟಬೇಕು.
ಹುಳದ ವಾಸನೆ ಇನ್ನೂ ಉಗುರಲ್ಲಿದೆ ಅಂತಾರೆ ಮನೆಯವರು;
ನನಗೆ ಬರುವುದು ಬೆಸುಗೆಯ ಹೊಗೆ ಮಾತ್ರ.

ಪಿನ್ನಿಗೆ ನಾಲ್ಕು ಬೆರಳು ಹಿಂದೆ ತಂತಿ ಮೆತ್ತಗಾಯಿತು.
ಇಲ್ಲಿ.
ಮೇಲೆ ಚರ್ಮ ನೆಟ್ಟಗಿದೆ, ಒಳಗೆ ತಾಮ್ರ ಹರಿದಿದೆ.
ಮೀಟರು ಹತ್ತೊಂಬತ್ತು ತೋರಿಸಿ, ಸೊನ್ನೆಗೆ ಬಿದ್ದು,
ಮತ್ತೆ ಹತ್ತೊಂಬತ್ತು.

"ನಿಮ್ಮ ಕಚೇರಿಯ ಡಬ್ಬಿ ನನ್ನ ಹೆಬ್ಬೆಟ್ಟು
ಐದು ಸಲ ಒಲ್ಲೆ ಅಂದಿತ್ತು, ನೆನಪಿದೆಯಾ?
ಬೆಂದ ಬೆರಳಲ್ಲಿ ಗೆರೆ ಇಲ್ಲಮ್ಮ ಅಂದವರು ನೀವೇ."
ಅವರು ಕನ್ನಡಕ ಒರೆಸಿಕೊಂಡರು.

ಮದರ್‌ಬೋರ್ಡಿನ ಮೂಲೆಯಲ್ಲಿ ಬಿಲ್ಲೆಯಷ್ಟು ಸೆಲ್ಲು.
ಮೂರು ವೋಲ್ಟು ಇರಬೇಕಾದಲ್ಲಿ ಒಂದೂ ಇಲ್ಲ.
"ಎಲ್ಲ ಆರಿಸಿ ನೀವು ಮಲಗಿದ ಮೇಲೆ
ಗಡಿಯಾರ ಕಾಯೋದು ಇದು. ಅರವತ್ತು ರೂಪಾಯಿ."

ಹಳೇ ಸೆಲ್ಲನ್ನು ಅಂಗೈಯಲ್ಲಿ ಹೊರಳಿಸಿದರು ಆವುಲಪ್ಪ.
"ಒಂಬತ್ತರಲ್ಲೇ ನನ್ನ ತಂಗಿ ನನಗೆ
ಹಕ್ಕು ಖುಲಾಸೆ ಮಾಡಿಕೊಟ್ಟಿದ್ದು.
ಪತ್ರ ನಾನೇ ಬರೆದೆ. ಅವಳು ಓದಿಸಲಿಲ್ಲ,
ಎಲ್ಲಣ್ಣಾ ಅಂದಳು,
ಇಲ್ಲಿ ಅಂತ ತೋರಿಸಿದೆ.
ಅವಳ ಹೆಬ್ಬೆಟ್ಟು ಎಷ್ಟು ಚೆನ್ನಾಗಿ ಬಂದಿತ್ತು ಗೊತ್ತಾ,
ಒಂದೊಂದು ಗೆರೆ ಎಣಿಸಬಹುದಿತ್ತು."

ಫ್ಯಾನು ತಿರುಗುತ್ತಿತ್ತು. ಕಾಯ್ದ ಕಾವಿಯ ತುದಿ
ಒದ್ದೆ ಸ್ಪಂಜಿಗೆ ಒರೆಸಿದೆ, ಚುಂಯ್ ಅಂತು.

"ಇದು ದಿನಾ ಆ ವರ್ಷಕ್ಕೆ ಹೋಗ್ತದಲ್ಲ..." ಅಂದರು, ಮುಗಿಸಲಿಲ್ಲ.
"ತಾರೀಖು ಮಾತ್ರ ಹೋಗ್ತದೆ, ಸ್ವಾಮಿ.
ನೀವು ಇಲ್ಲೇ ಇರ್ತೀರಿ."
ಹಾಗನ್ನಬಾರದಿತ್ತು ಅನಿಸಿತು, ಅಂದಾಗಿತ್ತು.

ತಂತಿ ಕತ್ತರಿಸಿ ಬೆಸೆದೆ, ಟೇಪು ಸುತ್ತಿದೆ.
ಹೊಸ ಸೆಲ್ಲು ಕಟ್ಟೆಂದು ಕೂತಿತು.
ಗುಂಡಿ ಒತ್ತಿದರೆ ಪರದೆ ಕೊನೆಯ ಸಲ ಕೇಳಿತು
ಇವತ್ತು ಎಷ್ಟನೇ ತಾರೀಖು ಎಂದು.
ನಾನು ಅವರ ಮುಖ ನೋಡಿದೆ.
ದಿನಕ್ಕೆ ನಲವತ್ತು ಸಲ ತಾರೀಖು ಬರೆಯುವ ಮನುಷ್ಯ
ತಿರುಗಿ ಗೋಡೆಯ ಕ್ಯಾಲೆಂಡರ್ ಹುಡುಕಿದರು.

ಬ್ಯಾಟರಿ ಏಳು ಪರ್ಸೆಂಟು.
ಎಂಟಾಗುವ ತನಕ ಇಬ್ಬರೂ ಮಾತಾಡಲಿಲ್ಲ.

ಹೋದ ಮೇಲೆ ನೋಡಿದರೆ ಮೇಜಿನ ಮೇಲೆ
ಬೆಂಕಿಪೊಟ್ಟಣ ಬಿಟ್ಟುಹೋಗಿದ್ದರು.
ಕಡ್ಡಿ ತುಂಬ ಇದ್ದವು.
ಗೀರುವ ಪಟ್ಟಿಯ ಮೇಲೆ ಒಂದೂ ಗೆರೆ ಇರಲಿಲ್ಲ.
ಸೆಲ್ಲು ಮಾತ್ರ ಎಲ್ಲೂ ಸಿಗಲಿಲ್ಲ.