ಅದಕ್ಕೆ ಜನ ಇದ್ದಾರೆ

ಭಾನುವಾರ ಸಂಜೆ, ಜೆ.ಪಿ. ನಗರದ ನಾಲ್ಕನೇ ಮಹಡಿ.
ಕೆಳಗೆ ರಿಂಗ್ ರೋಡು ಹಾರ್ನಿನಲ್ಲೇ ಉಸಿರಾಡುತ್ತಿದೆ,
ಮೇಲೆ ನಮ್ಮ ತಾಮ್ರದ ಹಂಡೆಗಳಲ್ಲಿ ಬಿಯರು ಹುದುಗುತ್ತಿದೆ.
ಎಂಟರ ತನಕ ಮಕ್ಕಳಿಗೂ ಪ್ರವೇಶ ಎಂದು ಬೋರ್ಡಿದೆ.
ಎಂಟಾಯಿತೆಂದು ಯಾರು ಯಾರಿಗೆ ಹೇಳಬೇಕು
ಎಂಬುದು ಬೋರ್ಡಿನಲ್ಲಿಲ್ಲ.

ಹದಿನಾಲ್ಕನೇ ಟೇಬಲ್ಲು. ದೊಡ್ಡವರು ಆರು, ಚಿಕ್ಕವರು ಮೂರು.
ಒಬ್ಬಳು ಟಿಶ್ಯೂ ಡಬ್ಬಿಯಿಂದ ಬಿಳಿ ಹಕ್ಕಿಗಳನ್ನು
ಒಂದೊಂದೇ ಎಳೆದು ಕೊಲ್ಲುತ್ತಿದ್ದಾಳೆ.
ಒಬ್ಬ ಶೂ ಸಮೇತ ಕುರ್ಚಿ ಹತ್ತಿ
ಪಕ್ಕದ ಟೇಬಲ್ಲಿನ ಹುಡುಗಿಯ ಜಡೆಗೆ
ಫ್ರೆಂಚ್ ಫ್ರೈ ಮುಡಿಸುತ್ತಿದ್ದಾನೆ.
ಆಕೆ ತಿರುಗಿದರೆ ಅವನಪ್ಪ ನಗುತ್ತಾನೆ,
'ಸ್ವಲ್ಪ ತುಂಟ' ಎನ್ನುತ್ತಾನೆ,
ಸನ್ಮಾನ ಪತ್ರ ಓದಿದ ಹಾಗೆ.

ಮೂರನೆಯವನು ಟೇಬಲ್ಲಿನ ಅಡಿಗೆ.
ಅವನ ಕಸುಬು ಏನೆಂದು ಇನ್ನೂ ತಿಳಿದಿಲ್ಲ.

ಚಿಟಿಕೆ. 'ಬಾಸ್!' ಚಿಟಿಕೆ.
ನನ್ನದೊಂದು ಗುಟ್ಟಿನ ಕಾನೂನಿದೆ:
ಒಂದು ಚಿಟಿಕೆಗೆ ಮೂರು ನಿಮಿಷ ದಂಡ.
ಚಿಲ್ಲಿ ಚಿಕನ್ನು ಅಡುಗೆ ಕಿಟಕಿಯಲ್ಲಿ ಕಾದು ಕೂತಿರುತ್ತದೆ,
ನಾನು ಲೋಟ ಒರೆಸುತ್ತಿರುತ್ತೇನೆ, ಒರೆಸಿದ್ದನ್ನೇ.
ಹನ್ನೊಂದು ವರ್ಷದಲ್ಲಿ ಎಷ್ಟು ಕೋಳಿ ತಣ್ಣಗಾದವೋ.
ನನ್ನ ನಡತೆಯೂ ಅಷ್ಟಕ್ಕಷ್ಟೇ, ಬಿಡಿ.

ಆಗ ಬಿತ್ತು.
ಯಾರ ಮೊಣಕೈ ಎಂದು ಕೊನೆಗೂ ತೀರ್ಮಾನವಾಗಲಿಲ್ಲ.
ಮೊಸರನ್ನ, ದಾಳಿಂಬೆ ಕಾಳು ಸಮೇತ,
ನೆಲಕ್ಕೆ, ಶೂಗಳಿಗೆ, ಒಂದು ದುಬಾರಿ ಬ್ಯಾಗಿನ ಬಾಯೊಳಕ್ಕೆ.
ಜೊತೆಗೆ ಬಂದ ಅಜ್ಜಿಗೆಂದು ಅಡುಗೆಯ ತಿಮ್ಮೋಜಿ
ಮೆನುವಿನಲ್ಲಿಲ್ಲದಿದ್ದರೂ ಕಲಸಿ ಕೊಟ್ಟದ್ದು.
ಅಷ್ಟು ಹೊತ್ತೂ ಕಿವಿಗೆ ಸೆರಗು ಒತ್ತಿ ಕೂತಿದ್ದ ಆಕೆ
ಮಂಡಿ ಹಿಡಿದು ಬಗ್ಗಿದಳು,
ಬರಿಗೈಯಲ್ಲಿ ಅಗುಳು ಆರಿಸಲು.

'ಬಿಡಮ್ಮಾ, ಏಳು, ಎಲ್ರೂ ನೋಡ್ತಿದಾರೆ.
ಅದಕ್ಕೆ ಜನ ಇದ್ದಾರೆ.'

ಇದ್ದೇನೆ.
ಮಾಪು, ಬಕೆಟ್ಟು ಹಿಡಿದು ಬಂದೆ.
ಬಹುವಚನದಲ್ಲಿ ಬಗ್ಗಿದೆ.
ಹೊನ್ನೂರಸ್ವಾಮಿ ಎಂಬುದು ಬ್ಯಾಡ್ಜಿಗೆ ಉದ್ದವಾಯಿತೆಂದು
ಮ್ಯಾನೇಜರು ಕತ್ತರಿಸಿ 'ಹನಿ' ಮಾಡಿದ್ದರು;
ನಾಲ್ಕನೇ ಮಗ್ಗು ದಾಟಿದವರು ಅದನ್ನು ಓದಿ
ಮುತ್ತು ಕೊಡುವ ಹಾಗೆ ತುಟಿ ಮಾಡುತ್ತಿದ್ದರು.
ಅದೂ ಮೊನ್ನೆ ಎಲ್ಲೋ ಬಿದ್ದುಹೋಗಿ
ಈಗ ಎದೆಯ ಮೇಲೆ ಎರಡು ಪಿನ್ನಿನ ತೂತು, ಅಷ್ಟೇ.

'ನೀನಾ ಜನ?'
ಟೇಬಲ್ಲಿನ ಅಡಿಯಿಂದ. ನಾಲ್ಕೋ ಐದೋ ವರ್ಷ,
ಒಂದು ಹಲ್ಲಿಲ್ಲ.
'ಹೂಂ' ಅಂದೆ. ಕೈಯಲ್ಲಿ ಮಾಪಿತ್ತು, ಬೇರೇನು ಹೇಳಲಿ.
'ಜನ, ಕಾಲೆತ್ತು. ನನ್ನ ಆನೆ ಮನೆ ತುಳೀತಿದೀಯ.'

ನೋಡಿದರೆ, ಹೌದು.
ನಿಂಬೆ ಹೋಳಿನ ಗೋಡೆ, ಹಲ್ಲುಕಡ್ಡಿಯ ಬೇಲಿ,
ನಡುವೆ ಆನೆ: ಒಂದು ಶೇಂಗಾ ಬೀಜ.
ಕಾಲೆತ್ತಿ 'ಸಾರಿ' ಅಂದೆ.
'ಪರವಾಗಿಲ್ಲ' ಅಂದ.
ಆ ಸಂಜೆ ಆ ಟೇಬಲ್ಲು ಆಡಿದ
ಮೊದಲ ಮರ್ಯಾದೆಯ ಮಾತು.

ಆಮೇಲೆ ಒಂದು ತಾಸು ಅದೇ.
'ಜನಾ, ನೀರು!'
'ಜನಾ, ಚಮಚ ಬಿತ್ತು!' (ಬೀಳಿಸಿದ್ದು.)
'ಜನಾ, ಇವನು ನನ್ನ ಜ್ಯೂಸ್ ಕುಡಿದ!'
ಕೂಗಿದಾಗೆಲ್ಲ ಆಚೀಚೆ ಒಬ್ಬಿಬ್ಬರು
ತಮ್ಮನ್ನೇ ಕರೆದರೋ ಎಂಬಂತೆ ತಲೆ ಎತ್ತುತ್ತಿದ್ದರು.
'ಹಾಗೆಲ್ಲ ಕರೀಬಾರದು ಚಿನ್ನಾ' ಎಂದ ಅಪ್ಪ.
'ನೀನೇ ಹೇಳಿದ್ದು.'
ಅಪ್ಪನ ಕಿವಿ ಕೆಂಪಗಾಯಿತು, ಬಿಯರಿಗೂ ಇರಬಹುದು.
ಅಜ್ಜಿ ಸೆರಗನ್ನು ಕಿವಿಯಿಂದ ತೆಗೆದು
ಬಾಯಿಗೆ ಒತ್ತಿಕೊಂಡಳು, ಭುಜ ಕುಣಿಯಿತು.

ಬಿಲ್ಲಿನಲ್ಲಿ ಸರ್ವಿಸ್ ಚಾರ್ಜು ತೆಗೆಸಿದರು.
ಲಿಫ್ಟಿನ ಬಾಗಿಲು ಮುಚ್ಚುವಾಗ
ಯಾರದೋ ಸೊಂಟದ ಸಂದಿಯಿಂದ ಒಂದು ಕೈ:
'ಟಾಟಾ, ಜನ!'

ರಾತ್ರಿ ಒಂದಕ್ಕೆ ಕುರ್ಚಿಗಳನ್ನು ತಲೆಕೆಳಗು ಮಾಡಿ
ಎಲ್ಲ ಗುಡಿಸಿದೆ, ಆನೆ ಮನೆಯನ್ನೂ.
ಗುಡಿಸದೆ ಬಿಟ್ಟೆ ಎಂದರೆ ನಂಬಬೇಡಿ,
ಜಿರಳೆ ಬರುತ್ತವೆ.
ಆನೆಯನ್ನು ಮಾತ್ರ ಎತ್ತಿ, ಊದಿ
ಬಾಯಿಗೆ ಹಾಕಿಕೊಂಡೆ.
ಉಪ್ಪಿತ್ತು.