ಹದಿನೇಳನೆಯ ಗೂಟ

ವಾರ್ಡೊ ದ್ವೀಪದ ಈ ಶಾಲೆಯ ಕೀಲಿಕೈಗಳೆಲ್ಲ
ನನ್ನ ಸೊಂಟದಲ್ಲಿವೆ.
ಬಾಯ್ಲರ್ ಕೋಣೆಯದು, ಜಿಮ್ಮಿನದು,
ಯಾವ ಬಾಗಿಲಿನದೆಂದು ನನಗೇ ಮರೆತುಹೋದ ಎರಡು.
ಒಬ್ಬ ಹುಡುಗಿಯನ್ನು ಒಳಗೆ ಬಿಡುವ ಕೈ ಮಾತ್ರ
ಈ ಗೊಂಚಲಲ್ಲಿ ಇರಲಿಲ್ಲ.

ತಿರಿಲ್. ನಾಲ್ಕನೇ ತರಗತಿ.
ಅಕ್ಟೋಬರಿನ ಒಂದು ಸೋಮವಾರ ಅವಳಪ್ಪನ ಕಾರು
ಗೇಟಿನ ಮುಂದೆ ನಿಂತಿತು. ಬಾಗಿಲು ತೆರೆಯಲಿಲ್ಲ.
ವೈಪರು ಆಡುತ್ತಿತ್ತು. ಗಂಟೆ ಹೊಡೆಯಿತು.
ಕಾರು ತಿರುಗಿತು.
ಮರುದಿನವೂ ಹಾಗೇ.
ಆಮೇಲೆ ಕಾರೂ ಬರುವುದು ಬಿಟ್ಟಿತು.

ಹೊಟ್ಟೆನೋವಂತೆ, ಎಂದು ನಕ್ಕರು ಮೀನು ಕಾರ್ಖಾನೆಯಲ್ಲಿ.
ನಮ್ಮ ಕಾಲದಲ್ಲಾಗಿದ್ದರೆ
ಕಿವಿ ಹಿಂಡಿ ಎಳೆದು ತರುತ್ತಿದ್ದರು.
ನಾನು ಸುಮ್ಮನೆ ಕಾಫಿ ಕುಡಿದೆ.
ಎಂಟು ವರ್ಷದವನಿದ್ದಾಗ ಇಡೀ ದಿನ
ದೋಣಿಮನೆಯಲ್ಲಿ ಬಲೆಗಳಡಿ ಅಡಗಿದ್ದೆ.
ಯಾಕೆಂದು ಯಾರೂ ಕೇಳಲಿಲ್ಲ.
ನನ್ನ ಎಡಗಿವಿಗೆ ಆ ಕಾಲ ಗೊತ್ತು.

ಟ್ರೊಮ್ಸೊದಿಂದ ಬಂದ ತಜ್ಞೆ ಕಾಗದದ ಮೇಲೆ ಮೆಟ್ಟಿಲು ಬರೆದರು.
ಮೊದಲನೆಯದು ಕಾರಿನಿಂದ ಇಳಿಯುವುದು.
ನಾಲ್ಕನೆಯದು ಕೋಟು ತೂಗುಹಾಕುವ ಪಡಸಾಲೆ.
ಹತ್ತನೆಯದರ ಮೇಲೊಂದು ನಗುವ ಮುಖ.
ಹತ್ತು ಎಂದರೆ ಹತ್ತೂ ಹತ್ತುವ ಮಗುವಲ್ಲ ಅದು.
ಮೂರು ಹತ್ತಿದಳು, ಎರಡು ಇಳಿದಳು,
ಮತ್ತೆ ಹತ್ತಿ ನಾಲ್ಕನೆಯದರಲ್ಲಿ ವಾಂತಿ ಮಾಡಿಕೊಂಡಳು.
ಒರೆಸಿದವನು ನಾನು.
ಬರೀ ನೀರು. ಬೆಳಗಿನಿಂದ ಏನೂ ತಿಂದಿರಲಿಲ್ಲ.
ಸುಳ್ಳು ಹೊಟ್ಟೆನೋವು ಹೀಗೆ ಬಣ್ಣವಿಲ್ಲದೆ ಬರುವುದಿಲ್ಲ.

ಪಡಸಾಲೆಯಲ್ಲಿ ಹದಿನೇಳನೆಯ ಗೂಟ ಅವಳದು.
ಕೆಳಗೆ ಬೂದು ಉಣ್ಣೆಯ ಒಳಚಪ್ಪಲಿ.
ಪ್ರತಿ ಶುಕ್ರವಾರ ಎತ್ತಿ, ನೆಲ ಒರೆಸಿ,
ತುದಿ ಗೋಡೆಗೆ ಮುಖ ಮಾಡಿ ಇದ್ದಲ್ಲೇ ಇಡುತ್ತಿದ್ದೆ.
ನವೆಂಬರಿನಲ್ಲಿ ಹೊಸ ಹುಡುಗನೊಬ್ಬ ಸೇರಿದ,
ಖಾಲಿ ಗೂಟ ಕೊಡಿ ಅಂದರು.
ಖಾಲಿ ಯಾವುದೂ ಇಲ್ಲವೆಂದೆ.
ಸಂಜೆ ಒಂದು ಹೊಸ ಗೂಟ ಹೊಡೆದೆ.

ಆಮೇಲೆ ಸೂರ್ಯ ಹೋದ.
ನಾಲ್ಕು ಗಂಟೆಗೆ ಶಾಲೆ ಖಾಲಿಯಾದ ಮೇಲೆ
ಅವಳಪ್ಪ ಕರೆತರತೊಡಗಿದ.
ನಾನು ಟ್ಯೂಬ್‌ಲೈಟು ಬದಲಿಸುತ್ತಿದ್ದೆ, ಅವಳು ಏಣಿ ಹಿಡಿದಳು.
"ಇದು ಯಾಕೆ ಗುಂಯ್ ಅನ್ನುತ್ತೆ?"
"ಯಾವಾಗಿನಿಂದ?"
"ಆಗಸ್ಟಿನಿಂದ."
ಬೇರೆ ಯಾರಿಗೂ ಕೇಳಿಸಿರಲಿಲ್ಲ. ನನ್ನ ಕಿವಿಯ ಕತೆ ಹೇಳಿದೆನಲ್ಲ.
ಸ್ಟಾರ್ಟರು ಬದಲಿಸಿದೆ.
ಅದೇ ಕಾರಣವಿತ್ತೆಂದು ನಾನು ಹೇಳುವುದಿಲ್ಲ.
ಇನ್ನೊಂದಿತ್ತು. ಊಟದ ಮೇಜಿನದು, ಒಂದು ಅಡ್ಡಹೆಸರಿನದು.
ಅದನ್ನವಳು ಹೇಳಿದ್ದು ಏಣಿಗೆ, ನನಗಲ್ಲ;
ಹಾಗಾಗಿ ಇಲ್ಲಿ ಬರೆಯುವುದಿಲ್ಲ.

ಜನವರಿಯಲ್ಲಿ ಸೂರ್ಯ ಮರಳಿದ ದಿನ
ಮಕ್ಕಳೆಲ್ಲ ಅಂಗಳದಲ್ಲಿ, ಎಲ್ಲರ ಕೈಯಲ್ಲೂ ಬನ್ನು.
ಇವತ್ತೇ ಬರುತ್ತಾಳೆಂದು ಎಲ್ಲರ ಲೆಕ್ಕ.
ಬೆರಿತ್ ಟೀಚರು ಒಂದು ಬನ್ನು ಎತ್ತಿಟ್ಟರು.
ಸಂಜೆ ಅದನ್ನು ನಾನೇ ತಿಂದೆ.

ಬಂದದ್ದು ಫೆಬ್ರವರಿಯ ಯಾವುದೋ ಮಂಗಳವಾರ,
ಕೆಸರುಹಿಮದಲ್ಲಿ, ತಡವಾಗಿ, ಗಣಿತ ಶುರುವಾದ ಮೇಲೆ.
ಗೂಟಕ್ಕೆ ಕೋಟು ಹಾಕಿದಳು.
ಚಪ್ಪಲಿಗೆ ಕಾಲು ತೂರಿಸಿದಳು.
ಹಿಮ್ಮಡಿ ಹೊರಗುಳಿಯಿತು.

ಮನೆಯಲ್ಲಿ ಕೂತಿದ್ದೂ ಬೆಳೆದಿದ್ದವು ಕಾಲು.
ಇಷ್ಟು ಸಾಕು, ಹತ್ತೂ ಮೆಟ್ಟಿಲು ಕುಸಿಯಲು, ಅಂದುಕೊಂಡೆ.
ಅವಳು ನನ್ನ ನೋಡಿದಳು. ನಾನು ಕೀಲಿಕೈ ನೋಡಿಕೊಂಡೆ.
ಚಪ್ಪಲಿಯನ್ನು ಗೋಡೆಗೆ ಮುಖ ಮಾಡಿ ಇಟ್ಟು
ಬರೀ ಕಾಲುಚೀಲದಲ್ಲಿ ಒಳಗೆ ಹೋದಳು.

ಇಪ್ಪತ್ತು ನಿಮಿಷ.
ಅಷ್ಟು ಹೊತ್ತೂ ಕೆಡದ ರೇಡಿಯೇಟರೊಂದನ್ನು ರಿಪೇರಿ ಮಾಡಿದೆ.
ಹೊರಬಂದು, "ಗುಂಯ್ ಇಲ್ಲ," ಅಂದಳು.
ನಾಳೆ, ಎಂದು ನಾನು ಕೇಳಲಿಲ್ಲ.
ನಾಳೆ ಬರಲಿಲ್ಲ. ಗುರುವಾರ ಬಂದಳು.

ಮುಂಬಾಗಿಲಿನ ಸ್ಪ್ರಿಂಗಿನ ತಿರುಪನ್ನು
ಅರ್ಧ ಸುತ್ತು ಸಡಿಲಿಸಿದ್ದೇನೆ.
ಅದು ಮುಚ್ಚುವಷ್ಟರಲ್ಲಿ ಒಬ್ಬರು ಮನಸ್ಸು ಬದಲಿಸಬಹುದು,
ಹೊರಗೂ, ಒಳಗೂ.
ಚಳಿ ನುಗ್ಗುತ್ತದೆಂದು ಹೆಡ್‌ಮಾಸ್ತರರು ಗೊಣಗಿದರು.
ನುಗ್ಗಲಿ.